ಪಕ್ಷದಲ್ಲಿ ಬಂದ ಫೋನು

ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೋಗೆ ಒಂಟಿಕೊಪ್ಪಲ್ ಪಂಚಾಂಗ ಹೋಗುವುದಿಲ್ಲ. ಇದಕ್ಕೆ ಐಫೋನ್ 17ರ ಕ್ಯಾಲೆಂಡರೇ ಸಾಕ್ಷಿ. 2025ರ ಸೆಪ್ಟೆಂಬರ್ 7ರ ರಾತ್ರಿ ಚಂದ್ರಗ್ರಹಣ. ಮರುದಿನದಿಂದ ಪಿತೃಪಕ್ಷ. 9ಕ್ಕೆ ಆಪಲ್ ಕಂಪನಿ ಹೊಸ ಫೋನನ್ನು ಲೋಕಕ್ಕೆ ತೋರಿಸಿತು, 12ಕ್ಕೆ ಮುಂಗಡ ಬುಕಿಂಗ್ ತೆರೆಯಿತು, 19ರ ಶುಕ್ರವಾರ ಅಂಗಡಿಗಳಲ್ಲಿ ಮಾರಾಟಕ್ಕಿಟ್ಟಿತು. 21ಕ್ಕೆ ಮಹಾಲಯ ಅಮಾವಾಸ್ಯೆ. ಮನೆಯಲ್ಲಿ ಹೊಸ ಪೊರಕೆ ತರಲೂ ಹಿಂದೆಮುಂದೆ ನೋಡುವ ಹದಿನೈದು ದಿನಗಳಲ್ಲಿ ಲಕ್ಷ ರೂಪಾಯಿಯ ಫೋನು ಬಂದು ಕೂತಿತು.

ಇದೇನು ಆ ಒಂದು ವರ್ಷದ ಆಕಸ್ಮಿಕವಲ್ಲ. 2019, 2021, 2022, 2024ರಲ್ಲೂ ಭಾರತದಲ್ಲಿ ಹೊಸ ಐಫೋನ್ ಮಾರಾಟಕ್ಕೆ ಬಂದದ್ದು ಪಕ್ಷದಲ್ಲೇ. 2023ರಲ್ಲಿ ಮಾತ್ರ ಅಧಿಕ ಶ್ರಾವಣ ಬಂದು ಹಬ್ಬಗಳೆಲ್ಲ ಮುಂದಕ್ಕೆ ಸರಿದವು. ಐಫೋನ್ 15 ಗಣೇಶನ ವಾರದಲ್ಲೇ ಬಂದು ಬಚಾವಾಯಿತು.

ಮುಂಬೈಯವರಿಗೆ ಈ ವಿಷಯದಲ್ಲಿ ಬುದ್ಧಿ ಹೇಳಬೇಕಿಲ್ಲ. ರಿಲಯನ್ಸ್ ಜಿಯೋ ಸೇವೆ ಶುರುವಾದದ್ದು 2016ರ ಸೆಪ್ಟೆಂಬರ್ 5ರಂದು, ಗಣೇಶ ಚತುರ್ಥಿಯ ದಿನ. ಐನೂರು ರೂಪಾಯಿ ಕಟ್ಟಿ ಜಿಯೋಫೋನ್ ಬುಕ್ ಮಾಡಿ ಎಂದದ್ದು 2017ರ ಆಗಸ್ಟ್ 24ರ ಸಂಜೆ. ಅವತ್ತು ಗೌರಿ ಹಬ್ಬ. ಬಾಗಿನದ ಮೊರ ಒಳಗಿಟ್ಟು ಹೆಂಗಸರೂ ಗಂಡಸರೂ ಬುಕಿಂಗಿಗೆ ಮುಗಿಬಿದ್ದ ರಭಸಕ್ಕೆ ಎರಡೇ ದಿನದಲ್ಲಿ ಅದನ್ನು ನಿಲ್ಲಿಸಬೇಕಾಯಿತು. 2021ರಲ್ಲಿ ಜಿಯೋಫೋನ್ ನೆಕ್ಸ್ಟ್‌ಗೂ ಗಣೇಶನ ಹಬ್ಬವೇ ಮುಹೂರ್ತ. ಆದರೆ ಚಿಪ್‌ಗಳ ಅಭಾವವೆಂಬ ವಿಘ್ನ ಗಣಪತಿಯ ಕೈಗೂ ಮೀರಿತ್ತು. ಫೋನು ದೀಪಾವಳಿಗೆ ಹೋಯಿತು. ದಿನ ತಪ್ಪಿದರೂ ಹಬ್ಬ ತಪ್ಪಲಿಲ್ಲ ಎಂಬುದನ್ನು ಗಮನಿಸಬೇಕು.

ಬೆಂಗಳೂರಿನ ಸಂಗತಿ ಬೇರೆ. ಹೆಬ್ಬಾಳದ ಕಡೆ ಮಾಲ್ ಆಫ್ ಏಷ್ಯಾದಲ್ಲಿ 2025ರ ಸೆಪ್ಟೆಂಬರ್ 2ರಂದು ಆಪಲ್‌ನ ಸ್ವಂತ ಮಳಿಗೆ ತೆರೆದಿತ್ತು. 19ರ ಬೆಳಗ್ಗೆ ಅದರ ಮುಂದೆ ಸಾಲು ನಿಂತಿತು. ಅಲ್ಲಿ ನಿಂತವರಿಗೆ ಹಿರೀಕರು ಊರಲ್ಲಿದ್ದರು. ಹಾಸನ ಜಿಲ್ಲೆಯವರಿಗೆ ಹಿರೀಕರು ಮನೆಯಲ್ಲೇ ಇದ್ದರು. ಕೆಲವರು ಗೋಡೆಯ ಮೇಲಿನ ಫೋಟೋದಲ್ಲಿ, ಕೆಲವರು ಜಗಲಿಯ ಮೇಲೆ.

ಹಾಗೆಂದು ಹಾಸನದ ಬಿ.ಎಂ. ರಸ್ತೆಯ ಫೋನಂಗಡಿ ಖಾಲಿ ಇತ್ತು ಎಂದಲ್ಲ. ಸರದಿಯಲ್ಲಿ ನಿಲ್ಲುವುದನ್ನು ಹಾಸನದವರಿಗೆ ಕಲಿಸಬೇಕಿಲ್ಲ. ವರ್ಷಕ್ಕೊಮ್ಮೆ ಹಾಸನಾಂಬೆಯ ಬಾಗಿಲು ತೆರೆದಾಗ ಧರ್ಮದರ್ಶನದ ಸಾಲು, ಮುನ್ನೂರರ ಸಾಲು, ಸಾವಿರದ ಸಾಲು ಎಂದು ಊರೇ ಹಂಚಿಹೋಗುತ್ತದೆ. ಫೋನಂಗಡಿಯಲ್ಲೂ ಹಾಗೆಯೇ: ಪೂರ್ತಿ ದುಡ್ಡು ಕಟ್ಟಿ ಬುಕ್ ಮಾಡಿದವರು, ಅಡ್ವಾನ್ಸ್ ಕೊಟ್ಟು ಹೆಸರು ಬರೆಸಿದವರು, ಆಮೇಲೆ ಏನೂ ಮಾಡದೆ ಬಂದು ನಿಂತ ಧರ್ಮದರ್ಶನದವರು.

ಈ ಮೂರನೆಯ ಸಾಲಿನಲ್ಲಿ ಜಿಲ್ಲೆಯ ಭೂಗೋಳವೇ ಇರುತ್ತದೆ. ಹೊಳೆನರಸೀಪುರದ ಹುಡುಗ ಮೈಸೂರು ಕಡೆಯಿಂದ ಬಂದ ರೈಲು ಹತ್ತಿ ಬಂದಿರುತ್ತಾನೆ. ಚನ್ನರಾಯಪಟ್ಟಣದ ತೆಂಗಿನ ತೋಟದ ಯಜಮಾನರು ಹೆದ್ದಾರಿಯಲ್ಲಿ ಕಾರು ಓಡಿಸಿಕೊಂಡು ಬಂದಿರುತ್ತಾರೆ. ಅರಕಲಗೂಡಿಗೆ ರೈಲಿಲ್ಲ, ಅಲ್ಲಿಯವರು ಬೈಕಿನಲ್ಲಿ ಬಂದು ಎಲ್ಲರಿಗಿಂತ ಹೆಚ್ಚು ಧೂಳಾಗಿ, ಎಲ್ಲರಿಗಿಂತ ಹೆಚ್ಚು ಮಾತಾಡುತ್ತ ನಿಂತಿರುತ್ತಾರೆ. ಬುಕಿಂಗ್ ಎಂದರೇನೇ ಅವರಿಗೆ ಅಲರ್ಜಿ. 2014ರಲ್ಲಿ ಶಿಯೋಮಿ ಕಂಪನಿ ರೆಡ್ಮಿ 1ಎಸ್ ಫೋನನ್ನು ಆನ್‌ಲೈನಿನಲ್ಲಿ ಮಾರಿದಾಗ ನಲವತ್ತು ಸಾವಿರ ಫೋನುಗಳು ನಾಲ್ಕು ಸೆಕೆಂಡಿನ ಆಸುಪಾಸಿನಲ್ಲಿ ಖಾಲಿಯಾಗಿದ್ದವು. ಹಳ್ಳಿಯ ಟೂಜಿ ಸಿಗ್ನಲ್ಲಿನಲ್ಲಿ ಆ ಪುಟ ತೆರೆದುಕೊಳ್ಳುವ ಹೊತ್ತಿಗೆ ನಲವತ್ತು ಸಾವಿರ ಜನ ಫೋನು ಕೊಂಡು, ಅದರ ಕವರ್ ಹುಡುಕುತ್ತಿದ್ದರು. ಅಂದಿನಿಂದ ಅವರ ನಂಬಿಕೆ ಒಂದೇ: ಅಂಗಡಿ, ಕೌಂಟರು, ಎದುರಿಗೊಬ್ಬ ಮನುಷ್ಯ.

ಚನ್ನರಾಯಪಟ್ಟಣದವರ ಲೆಕ್ಕ ಕ್ವಿಂಟಲ್‌ನಲ್ಲಿ ನಡೆಯುತ್ತದೆ. ಐಫೋನ್ 17ರ ಆರಂಭಿಕ ಬೆಲೆ 82,900 ರೂಪಾಯಿ ಇತ್ತು. 2024ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಲಿಗೆ 12,000. ಆ ದರದಲ್ಲಿ ಒಂದು ಫೋನಿಗೆ ಹತ್ತಿರ ಹತ್ತಿರ ಏಳು ಕ್ವಿಂಟಲ್ ಸುರಿಯಬೇಕಿತ್ತು. 2025ರ ಮಧ್ಯಕ್ಕೆ ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿ 25,000 ದಾಟಿದ ಮೇಲೆ ಮೂರೂವರೆ ಕ್ವಿಂಟಲೂ ಬೇಡವಾಯಿತು. ಆಪಲ್ ಬೆಲೆ ಏರಿಸಿದೆ ಎಂದು ಪೇಪರಿನವರು ಬರೆದರೆ, "ನಮ್ಗೇನೋ ಅರ್ಧಕ್ಕರ್ಧ ಇಳ್ದದೆ" ಎಂದು ಯಜಮಾನರು ನಗುತ್ತಾರೆ.

ಕೌಂಟರಿನಲ್ಲಿ ಸಂಭಾಷಣೆ ಎಲ್ಲರದೂ ಒಂದೇ.

"ಬುಕ್ ಮಾಡ್ಸಿದ್ರಾ ಸಾರ್?"

"ಇಲ್ಲ ಕಣಣ್ಣ. ಆರೆಂಜ್ ಪ್ರೊ ಐತಾ?"

"ಆರೆಂಜ್ ಬುಕಿಂಗ್‌ನೋರ್ಗೇ ಸಾಲ್ತಿಲ್ಲ."

ಆದರೆ ಹೊಳೆನರಸೀಪುರದ ಹುಡುಗನ ಕಣ್ಣು ಕೌಂಟರಿನ ಹಿಂದಿನ ಕಪಾಟಿನ ಮೇಲಿದೆ. ಅಲ್ಲಿ ಡಬ್ಬಿಗಳನ್ನು ಜೋಡಿಸಿಟ್ಟಿದ್ದಾರೆ. "ಅವೇನು ಮತ್ತೆ?"

"ಅವೆಲ್ಲ ಬುಕಿಂಗ್‌ನೋರ್ದೇ. ದುಡ್ ಕಟ್ಟವ್ರೆ. ಪಕ್ಷ ಕಳೀಲಿ, ಸೋಮವಾರ ತಗೊಂಡೋಯ್ತೀವಿ, ಎತ್ತಿಡಿ ಅಂದವ್ರೆ."

ಬುಕ್ ಮಾಡಿದವರು ಫೋನ್ ಒಯ್ಯಲೊಲ್ಲರು, ಒಯ್ಯಲು ಬಂದವನು ಬುಕ್ ಮಾಡಿಲ್ಲ. ಫೋನಿದೆ, ದುಡ್ಡಿದೆ, ಗಿರಾಕಿ ಇದ್ದಾನೆ. ನಡುವೆ ಮೂರು ದಿನ ಅಡ್ಡ ಮಲಗಿವೆ. ಐಫೋನ್ 17 ತಯಾರಾಗುತ್ತಿದ್ದದ್ದು ದೇವನಹಳ್ಳಿಯ ಫಾಕ್ಸ್‌ಕಾನ್ ಕಾರ್ಖಾನೆಯಲ್ಲೂ ಹೌದು. ಅಲ್ಲಿಂದ ಹಾಸನಕ್ಕೆ ಅರ್ಧ ದಿನದ ದಾರಿ. ಕಪಾಟಿನಿಂದ ಕೌಂಟರಿಗೆ ಅಮಾವಾಸ್ಯೆ ಕಳೆಯಬೇಕು.

ಹಿಂದೆ ನಿಂತ ಹಿರಿಯರೊಬ್ಬರಿಗೆ ಇದರಲ್ಲಿ ಆತುರವೇ ಕಾಣುವುದಿಲ್ಲ. ಅವರ ಕಾಲದಲ್ಲಿ ಮನೆಗೆ ಟೆಲಿಫೋನ್ ಬೇಕೆಂದರೆ ಇಲಾಖೆಯಲ್ಲಿ ಡಿಪಾಜಿಟ್ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಬಜಾಜ್ ಸ್ಕೂಟರಿನ ಕತೆಯೂ ಅದೇ. ಮಗಳ ಮದುವೆಗೆಂದು ಬುಕ್ ಮಾಡಿದ್ದು ಮೊಮ್ಮಗನ ನಾಮಕರಣಕ್ಕೆ ಬಂದರೆ ಬೇಗ ಬಂತು ಎನ್ನುತ್ತಿದ್ದರು. "ಮೂರು ದಿನಕ್ಕೆ ಇಷ್ಟೊಂದ್ ಆಡ್ತೀಯಲ್ಲೋ!" ಎಂದು ಅವರು ಹುಡುಗನಿಗೆ ಅನ್ನುತ್ತಾರೆ. ಅವರು ಬಂದಿರುವುದು ಮಾತ್ರ ಹಳೆಯ ಕೀಪ್ಯಾಡ್ ಫೋನಿಗೆ ಬ್ಯಾಟರಿ ಹಾಕಿಸಲು.

ಮಧ್ಯಾಹ್ನದ ಹೊತ್ತಿಗೆ ಒಂದು ಪ್ರೊ ಬುಕಿಂಗ್ ಕ್ಯಾನ್ಸಲ್ ಆಗುತ್ತದೆ. ಯಾರದೋ ತಾಯಿ ದುಡ್ಡು ವಾಪಸ್ ತರಲು ಹೇಳಿದ್ದಾರೆ. ಬಣ್ಣ ನೀಲಿ. ಬೆಳಗ್ಗೆಯಿಂದ ಕಿತ್ತಳೆ ಬಿಟ್ಟು ಬೇರೆ ಬೇಡ ಎಂದಿದ್ದ ಹುಡುಗನಿಗೆ ನೀಲಿಯೇ ಗಂಭೀರವಾದ ಬಣ್ಣ ಎಂದು ಹೊಳೆಯಲು ಅರೆಗಳಿಗೆ ಹಿಡಿಯುವುದಿಲ್ಲ. 1,34,900ಕ್ಕೆ ಕಾರ್ಡ್ ಉಜ್ಜಿ, ಇಎಂಐ ಮಾಡಿಸಿ, ಟೆಂಪರ್ಡ್ ಗ್ಲಾಸನ್ನು ಬಿಟ್ಟಿಯಾಗಿ ಹಾಕಿಸಿಕೊಡಿ ಎಂದು ಜಗಳವನ್ನೂ ಆಡುತ್ತಾನೆ. ಗೆಲ್ಲುತ್ತಾನೆ ಕೂಡ, ಆದರೆ ಗ್ಲಾಸ್ ಅಂಟಿಸಲು ಡಬ್ಬಿ ಒಡೆಯಬೇಕಲ್ಲ, ಅದಕ್ಕೆ ಒಪ್ಪುವುದಿಲ್ಲ. ಮನೆಯಲ್ಲಿ ಅಜ್ಜಿಯ ಜೊತೆ ಒಪ್ಪಂದವಾಗಿರುವುದು ಹಾಗೆ: ಪಕ್ಷದಲ್ಲಿ ತಂದದ್ದು ಸಾಮಾನು, ಪಾಡ್ಯದ ದಿನ ಸೀಲ್ ಒಡೆದರೆ ಫೋನು. ಅಲ್ಲಿಯವರೆಗೆ ಅದು ದೇವರ ಮನೆಯ ಗೂಡಿನಲ್ಲಿ ಇರತಕ್ಕದ್ದು.

ಸೆಪ್ಟೆಂಬರ್ 22ರ ಸೋಮವಾರ ನವರಾತ್ರಿ ಶುರು. ಜೊತೆಗೆ ದೇಶಕ್ಕೆಲ್ಲ ಹೊಸ ಜಿಎಸ್‌ಟಿ ದರವೂ ಅವತ್ತೇ ಶುರು. ಶುಕ್ರವಾರ ಬರಿಗೈಲಿ ಹೋಗಿದ್ದ ಚನ್ನರಾಯಪಟ್ಟಣದ ಯಜಮಾನರು ಈಗ ದೊಡ್ಡ ಲಾಭದ ನಗೆ ನಗುತ್ತ ಬರುತ್ತಾರೆ: "ಹೇಳಿ, ಎಷ್ಟು ಇಳೀತು?" ಫೋನಿನ ಮೇಲಿನ ತೆರಿಗೆ ಮೊದಲೂ ಶೇ. 18, ಈಗಲೂ ಶೇ. 18. ಇಳಿದದ್ದು 32 ಇಂಚಿಗಿಂತ ದೊಡ್ಡ ಟಿವಿಗೆ, 28ರಿಂದ 18ಕ್ಕೆ. ಅಂಗಡಿಯವನು ಅದನ್ನು ಬಾಯಲ್ಲಿ ಹೇಳುವುದಿಲ್ಲ, ಅವರನ್ನು ಮೆಲ್ಲಗೆ ಪಕ್ಕದ ಗೋಡೆಯ ಕಡೆ ತಿರುಗಿಸಿ ನಿಲ್ಲಿಸುತ್ತಾನೆ. ಸಂಜೆ ಕಾರಿನ ಹಿಂದಿನ ಸೀಟಿನಲ್ಲಿ 55 ಇಂಚಿನ ಡಬ್ಬಿ ಅಡ್ಡಡ್ಡ ಕೂತು, ಯಜಮಾನತಿ ಬಸ್ಸಿನಲ್ಲಿ ಊರಿಗೆ ಹೋಗಬೇಕಾಗುತ್ತದೆ.