ನುಣುಚರ್ಥಕ: ಕನ್ನಡ ಕ್ರಿಯಾಪದದ ನಾಲ್ಕನೆಯ ಅರ್ಥರೂಪ

ಕಾಲರೂಪಗಳನ್ನು ಬಿಟ್ಟರೆ ಕನ್ನಡ ಕ್ರಿಯಾಪದಕ್ಕೆ ವಿಧ್ಯರ್ಥಕ, ನಿಷೇಧಾರ್ಥಕ, ಸಂಭಾವನಾರ್ಥಕ ಎಂಬ ಮೂರೇ ಅರ್ಥರೂಪಗಳೆಂದು ಶಾಲೆಯ ವ್ಯಾಕರಣ ಕಲಿಸುತ್ತದೆ: ಕೊಡಲಿ, ಕೊಡನು, ಕೊಟ್ಟಾನು. ಆದರೆ ಸಾಲ ಕೇಳಲು ಹೋದವನ ಕಿವಿಗೆ ಈ ಮೂರರಲ್ಲಿ ಒಂದೂ ಬೀಳುವುದಿಲ್ಲ, ಬೀಳುವುದು 'ನೋಡೋಣ', ಇಲ್ಲವೆ 'ನಾಳೆ ಬಾ'. 'ಕೊಡೆನು' ಎಂದು ಒಂದೇ ಪದದಲ್ಲಿ ಮುಗಿಸುವ ಧೈರ್ಯ ಹಿಂದಿನವರಿಗಿತ್ತು. ಈಗ ಆ ರೂಪ ಯಕ್ಷಗಾನದ ರಂಗಸ್ಥಳದಲ್ಲಿ ಕೇಳಿಸೀತೇ ಹೊರತು ಮನೆಯ ಜಗಲಿಯಲ್ಲಿ ಕೇಳಿಸದು. ತೆರವಾದ ಆ ಜಾಗದಲ್ಲಿ ಬಂದು ಕುಳಿತ ನಾಲ್ಕನೆಯ ಅರ್ಥರೂಪವನ್ನು ಈ ಪ್ರಬಂಧ 'ನುಣುಚರ್ಥಕ' ಎಂದು ಕರೆಯುತ್ತದೆ. ಕನ್ನಡ ಧಾತುವಿಗೆ ಸಂಸ್ಕೃತ ಪದ ಅಂಟಿಸಿದ ಅರಿಸಮಾಸವೆಂದು ಪಂಡಿತರು ಮುನಿಯಬಾರದು. ನುಣುಚಿಕೊಳ್ಳುವುದರ ಹೆಸರು ನಿಯಮದಿಂದಲೂ ನುಣುಚಿಕೊಂಡಿರುವುದು ನ್ಯಾಯವೇ. 13ನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಇದನ್ನು ಹೇಳಲಿಲ್ಲ. ತಾಲ್ಲೂಕು ಕಚೇರಿ ಇಲ್ಲದ ಕಾಲದವನು, ಅವನದು ತಪ್ಪಲ್ಲ.

ಪಂಡಿತರ ಮೊದಲ ಆಕ್ಷೇಪ ಊಹಿಸಬಹುದಾದದ್ದೇ: 'ನೋಡೋಣ' ಎಂಬುದು ವಿಧ್ಯರ್ಥಕದ ಉತ್ತಮಪುರುಷ ಬಹುವಚನ, 'ನಾಳೆ ಬಾ' ಎಂಬುದು ಮಧ್ಯಮಪುರುಷ ಏಕವಚನ, ಹೊಸ ರೂಪ ಎಲ್ಲಿದೆ? ಪ್ರತ್ಯಯದ ಮಟ್ಟಿಗೆ ಒಪ್ಪೋಣ. ಆದರೆ ವಿಧಿಯೆಂದರೆ ಕೆಲಸ ನಡೆಯಲೆಂಬ ಇಚ್ಛೆ. 'ನಾಳೆ ಬಾ' ಎಂದವನ ಇಚ್ಛೆ ಕೇಳಿದವನು ಬಾರದಿರಲಿ ಎಂಬುದು. ಹಾಗೆಂದು ನಿಷೇಧ ಎನ್ನೋಣವೆಂದರೆ ನಿಷೇಧ ಪ್ರತ್ಯಯವೇ ಇಲ್ಲ. ಸಂಭಾವನೆ ಎನ್ನಲು ಸಂಶಯವಾದರೂ ಬೇಕು. ಹೇಳಿದವನಿಗಾಗಲಿ ಕೇಳಿದವನಿಗಾಗಲಿ ಇಲ್ಲಿ ಎಳ್ಳಷ್ಟೂ ಸಂಶಯವಿಲ್ಲ. ಇನ್ನು 'ನೋಡೋಣ'ದ ಬಹುವಚನವನ್ನು ಗಮನಿಸಬೇಕು. ನೋಡುವವರಲ್ಲಿ ಕೇಳಲು ಬಂದವನೂ ಸೇರಿದ್ದಾನೆ. ಮುಂದೆ ಏನೂ ಆಗದಿದ್ದರೆ ಅವನೂ ನೋಡಲಿಲ್ಲವೆಂದೇ ಅರ್ಥ.

ಈ ಅರ್ಥರೂಪದ ಶಕ್ತಿಗೆ ಬಲವಾದ ಸಾಕ್ಷಿ 1990ರ ದಶಕದ್ದು. ರಾತ್ರಿ ಮನೆಗಳ ಕದ ತಟ್ಟುವ ದೆವ್ವದ ವದಂತಿ ಹಬ್ಬಿದಾಗ ಬೆಂಗಳೂರಿನಲ್ಲೂ ಹಲವು ಊರುಗಳಲ್ಲೂ ಜನ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದರು. 'ಬರಬೇಡ' ಎಂದು ಬರೆಯಬಹುದಿತ್ತು, ಬರೆಯಲಿಲ್ಲ. ಬೇಡವೆಂದರೆ ದೆವ್ವ ಕಾರಣ ಕೇಳೀತು, ಜಗಳಕ್ಕೆ ನಿಂತೀತು. ನಾಳೆ ಎಂದರೆ ಮರ್ಯಾದೆಯಿಂದ ಹಿಂದಿರುಗಿ, ಮರುದಿನ ಬಂದು ಅದನ್ನೇ ಓದಿಕೊಳ್ಳುತ್ತದೆ. ದೆವ್ವಕ್ಕೆ ಕನ್ನಡ ಓದಲು ಬರುತ್ತದೆಂಬ ಜನರ ವಿಶ್ವಾಸ ಬೇರೊಂದು ಪ್ರಬಂಧಕ್ಕೆ ವಸ್ತು. ಕಿರಾಣಿ ಅಂಗಡಿಯ 'ಇಂದು ನಗದು, ನಾಳೆ ಸಾಲ' ಎಂಬ ಫಲಕದ ತತ್ವವೂ ಇದೇ, ಓದುಗರು ಮಾತ್ರ ಬೇರೆ. 2018ರ 'ಸ್ತ್ರೀ' ಚಿತ್ರದಲ್ಲಿ ಇದೇ ಉಪಾಯ ಹಿಂದಿಯ ಗೋಡೆಗಳಿಗೂ ಏರಿತು. ಆದರೆ ಹಿಂದಿಯ 'ಕಲ್' ನಿನ್ನೆಯೂ ಹೌದು, ನಾಳೆಯೂ ಹೌದು. ಅಷ್ಟು ಸಡಿಲವಾದ ಪದವನ್ನು ನಂಬಿ ನಿದ್ದೆ ಮಾಡುವುದು ಹೇಗೋ.

ಇದೆಲ್ಲ ಬರೀ ಸುಳ್ಳು, ವ್ಯಾಕರಣವಲ್ಲ ಎಂಬುದು ನೀತಿವಂತರ ಆಕ್ಷೇಪ. ಸುಳ್ಳಾಗಬೇಕಾದರೆ ಮಾತು ಏನನ್ನಾದರೂ ಸಾರಬೇಕು. 'ನಾಳೆ ಬಾ' ಏನನ್ನೂ ಸಾರುವುದಿಲ್ಲ, ಆದ್ದರಿಂದ ಅದನ್ನು ಸುಳ್ಳೆಂದು ಸಾಧಿಸಲು ಯಾವ ನ್ಯಾಯಾಲಯಕ್ಕೂ ಆಗದು. ಈ ಗುಣ ಪರಾಕಾಷ್ಠೆ ಮುಟ್ಟುವುದು 'ಸೂಕ್ತ ಕ್ರಮ ಕೈಗೊಳ್ಳಲಾಗುವುದು' ಎಂಬಲ್ಲಿ. ಕ್ರಿಯೆಯಿದೆ, ಕರ್ಮವಿದೆ, ಕರ್ತೃ ಮಾತ್ರ ರಜೆಯಲ್ಲಿದ್ದಾನೆ. ತೆಲುಗಿನಲ್ಲಿ 'ಚೂದ್ದಾಂ', ತಮಿಳಿನಲ್ಲಿ 'ಪಾರ್ಕಲಾಂ' ಇರುವಾಗ ಇದು ಕನ್ನಡದ ಸ್ವತ್ತು ಹೇಗೆ ಎನ್ನುವವರಿಗೆ ಉತ್ತರ ಸರಳ: ದ್ರಾವಿಡ ಭಾಷೆಗಳ ನಂಟಿಗೆ ಇದು ಇನ್ನೊಂದು ಪುರಾವೆ.

ಉಳಿದದ್ದು, ಈ ರೂಪಕ್ಕೆ ಸರ್ಕಾರದ ಮಾನ್ಯತೆಯಿಲ್ಲ ಎಂಬ ಆಕ್ಷೇಪ. ಮಾನ್ಯತೆ ಇರಲಿ, ದರವೇ ನಿಗದಿಯಾಗಿದೆ. ಸೇವೆಗಳಿಗೆ ಗಡುವು ವಿಧಿಸಿದ, 2012ರಲ್ಲಿ ಜಾರಿಗೆ ಬಂದ ಸಕಾಲ ಕಾಯ್ದೆಯಲ್ಲಿ, ಗಡುವು ಮೀರಿದರೆ ಅರ್ಜಿದಾರನಿಗೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಅಂದರೆ ಗಡುವು ಮೀರಿದ 26ನೆಯ ದಿನದಿಂದ ಹೇಳುವ 'ನಾಳೆ ಬಾ' ಉಚಿತ.