ಹೆಬ್ಬೆರಳ ಮೀಮಾಂಸೆ

ಫಿನ್ಲೆಂಡಿನ ಔಲು ನಗರದಲ್ಲಿ ಮೈನಸ್ 20 ಡಿಗ್ರಿಯಲ್ಲೂ ಮಕ್ಕಳು ಸೈಕಲ್ ತುಳಿದೇ ಶಾಲೆಗೆ ಹೋಗುತ್ತಾರೆ. ಚಳಿಗಾಲದ ಸೈಕ್ಲಿಂಗಿನ ಮೊದಲ ಸಮಾವೇಶ 2013ರಲ್ಲಿ ನಡೆದದ್ದೂ ಅಲ್ಲೇ. ಆದರೂ ಹಿಮಸೈಕಲ್ಲಿಗರ ಬೂಟಿನ ಮೇಲೆ ಭಾಷ್ಯಕಾರರು ಕೈಯಾಡಿಸದೇ ಹೋದದ್ದು ಶಾಸ್ತ್ರಲೋಕದ ದೌರ್ಭಾಗ್ಯ. ಈ ಗ್ರಂಥದ ಅವತಾರಕ್ಕೆ ಅದೇ ಕಾರಣ.

ಪ್ರಮೇಯ ಸರಳ: ಬೂಟಿಗೆ ಶಾಖ ಹುಟ್ಟಿಸುವ ಶಕ್ತಿಯಿಲ್ಲ, ಕಾಲು ಕೊಟ್ಟದ್ದನ್ನು ಕಾಯುತ್ತದೆ ಅಷ್ಟೆ. ಆದರೆ ಚಳಿ ತಾಗಿದೊಡನೆ ದೇಹ ಬೆರಳುಗಳ ರಕ್ತನಾಳ ಬಿಗಿದು ಕಾಲಿನ ಪಡಿತರಕ್ಕೇ ಕತ್ತರಿ ಹಾಕುತ್ತದೆ. ನಡೆಯುವವನ ಬೆರಳಾದರೂ ಮಡಿಚಿ ಬಿಚ್ಚುತ್ತಿರುತ್ತದೆ. ಸೈಕಲ್ಲಿಗನದು ಪೆಡಲಿನ ಮೇಲೆ ಸುಮ್ಮನೆ ಕೂತು, ಅವನೇ ಎಬ್ಬಿಸಿಕೊಂಡ ಗಾಳಿಗೆ ಮೈಯೊಡ್ಡಿರುತ್ತದೆ.

ಇಲ್ಲಿಂದ ಮತಭೇದ. ಬೂಟೂ ಪೆಡಲೂ ಒಂದೇ ಎನ್ನುವ ಅದ್ವೈತಿಗಳು ಅಟ್ಟೆಗೆ ಲೋಹದ ಕ್ಲೀಟ್ ತಿರುಪಿ ಪೆಡಲಿಗೆ ಕಚ್ಚಿಸಿಕೊಳ್ಳುತ್ತಾರೆ. ಆ ಲೋಹದ ದಾರಿಯಲ್ಲೇ ಶಾಖ ಸೋರಿಹೋಗುತ್ತದೆ. ಅದು ಹಾಗಿರಲಿ, ಕ್ಲೀಟಿಗೆ ಹಿಮ ಮೆತ್ತಿದರೆ ಐಕ್ಯವಾಗದು. ಐಕ್ಯವಾದ ಮೇಲೆ ಹೆಪ್ಪುಗಟ್ಟಿದರೆ ಮೋಕ್ಷ ಸಿಗದು, ಸಿಗ್ನಲ್ಲಿನಲ್ಲಿ ಸೈಕಲ್ ಸಮೇತ ಪತನ. ದ್ವೈತಿಗಳು ಅಗಲವಾದ ಪ್ಲಾಸ್ಟಿಕ್ ಪೆಡಲಿನ ಮೇಲೆ ಹಿಮದಲ್ಲಿ ನಡೆಯುವವರ ದಪ್ಪ ಬೂಟನ್ನೇ ಊರಿ ನಿಶ್ಚಿಂತರಾಗಿರುತ್ತಾರೆ. ನನ್ನ ಒಲವು ಇವರ ಕಡೆಗೆ. ಉಡುಪಿಯ ನೀರು ಕುಡಿದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಬಿಚ್ಚಿ ತೆಗೆಯುವ ಫೆಲ್ಟಿನ ಒಳಬೂಟಿನಲ್ಲಿ ವಿಶಿಷ್ಟಾದ್ವೈತಿಗಳು ಶರೀರ-ಶರೀರಿ ಭಾವ ಕಾಣುವುದಾದರೆ ಅಡ್ಡಿಯಿಲ್ಲ. ರಾತ್ರಿ ಶರೀರಿಯನ್ನು ಮಾತ್ರ ಹೊರಗೆಳೆದು ಒಣಹಾಕಬೇಕು.

ಪೂರ್ವಪಕ್ಷ: ಇದ್ದ ಬೂಟಿನೊಳಗೇ ಮೂರು ಜೊತೆ ಉಣ್ಣೆ ಕಾಲುಚೀಲ ತುರುಕಿದರಾಗದೇ? ಸಿದ್ಧಾಂತ: ಆಗದು. ಬಿಗಿದ ಕಾಲಿಗೆ ರಕ್ತವೂ ಇಲ್ಲ, ಶಾಖ ಹಿಡಿದಿಡುವ ಗಾಳಿಗೆ ಜಾಗವೂ ಇಲ್ಲ. ಹೆಬ್ಬೆರಳು ಒಳಗೆ ಆಡುವಷ್ಟು, ಒಂದು ಸೈಜು ದೊಡ್ಡದನ್ನೇ ಕೊಳ್ಳಬೇಕು; ಅಂಗಡಿಗೆ ಚಳಿಗಾಲದ ಕಾಲುಚೀಲ ಹಾಕಿಕೊಂಡೇ ಹೋಗಬೇಕು. ಪೆಟ್ಟಿಗೆಯ ಮೇಲೆ ಅಚ್ಚಾದ ಮೈನಸ್ ಅಂಕಿ ಯಾರ ಕಾಲಿನ ಅನುಭವವೆಂದು ಪೆಟ್ಟಿಗೆ ಹೇಳುವುದಿಲ್ಲ, ಆದ್ದರಿಂದ ಅದು ಶಬ್ದಪ್ರಮಾಣವೂ ಅಲ್ಲ.

ಉಳಿದದ್ದು ಬೆವರು. ಇದಕ್ಕೆ ಪರಮೋತ್ತರ ಅಮೆರಿಕದ ಸೇನೆಯ ಬಿಳಿ ‘ಬನ್ನಿ ಬೂಟು’. ಉಣ್ಣೆಯನ್ನು ಎರಡು ರಬ್ಬರ್ ಪದರಗಳ ನಡುವೆ ಮುಚ್ಚಿಬಿಟ್ಟಿರುವುದರಿಂದ ಬೆವರು ಅದನ್ನು ಮುಟ್ಟುವಂತಿಲ್ಲ. ಕಾಲು ಒದ್ದೆಯಾದರೂ ಬೆಚ್ಚಗಿರುತ್ತದೆ. ವಿಮಾನದಲ್ಲಿ ಮೇಲೇರಿದಾಗ ಉಬ್ಬದಿರಲೆಂದು ಒಂದೊಂದು ಬೂಟಿಗೂ ಒಂದೊಂದು ವಾಲ್ವ್ ಬೇರೆ. ಸೈಕಲ್ಲಿಗೆ ಎರಡು, ಸವಾರನಿಗೆ ಎರಡು. ಯಾವುದಕ್ಕೆ ಮೊದಲು ಪಂಪು ಹೊಡೆಯಬೇಕೆಂಬ ಜಿಜ್ಞಾಸೆಯನ್ನು ಎರಡನೆಯ ಸಂಪುಟಕ್ಕೆ ಕಾದಿರಿಸಿದೆ.