ಹಸ್ತಪ್ರಕ್ಷಾಲನ ಮೀಮಾಂಸೆ

ಭ್ರಷ್ಟಾಚಾರಕ್ಕೆ ಬಣ್ಣವುಂಟೇ? ತರ್ಕಶಾಸ್ತ್ರಕ್ಕೆ ಬಗೆಹರಿಯದ ಈ ಪ್ರಶ್ನೆಗೆ ಲೋಕಾಯುಕ್ತ ಪೊಲೀಸರ ಬಳಿ ಉತ್ತರವುಂಟು: ಗುಲಾಬಿ. ಫಿನಾಫ್ಥಲೀನ್ ಪುಡಿ ಸವರಿದ ನೋಟು ಮುಟ್ಟಿದ ಕೈಯನ್ನು ಸೋಡಿಯಂ ಕಾರ್ಬೊನೇಟ್ ಬೆರೆಸಿದ ನೀರಿನಲ್ಲಿ ಅದ್ದಿಸಿದರೆ ಪಂಚರ ಕಣ್ಣೆದುರೇ ನೀರು ರಂಗೇರುತ್ತದೆ. ಅದನ್ನು ಶೀಸೆಗೆ ತುಂಬಿ, ಅರಗಿನ ಮೊಹರೊತ್ತಿ, ಮಹಜರು ಬರೆದಲ್ಲಿಗೆ ಶಾಸ್ತ್ರದ ಪೂರ್ವಾರ್ಧ ಸಮಾಪ್ತಿ. ಇಷ್ಟಕ್ಕೆ ಒಂದು ಮಧ್ಯಾಹ್ನ ಸಾಕು. ಉತ್ತರಾರ್ಧಕ್ಕೆ ಎಷ್ಟು ಬೇಕೆಂಬುದೇ ಈ ಪ್ರಬಂಧದ ವಿಚಾರ. ಲಂಚ ತಿಂದ ಕೈಗಿಂತಲೂ, ಶೀಸೆಗೂ ತೀರ್ಪಿಗೂ ನಡುವೆ ಸಿಗುವ ಪುರಸೊತ್ತೇ ನ್ಯಾಯವನ್ನು ಹೆಚ್ಚು ಸೊರಗಿಸುತ್ತದೆ ಎಂಬುದು ನಮ್ಮ ಸಿದ್ಧಾಂತ.

ಇದಕ್ಕೆ ಪ್ರಮಾಣಗಳು. 1988ರ ಭ್ರಷ್ಟಾಚಾರ ತಡೆ ಕಾಯ್ದೆಯ 19ನೇ ಕಲಮಿನಂತೆ ನೌಕರನನ್ನು ವಿಚಾರಣೆಗೆ ಗುರಿಪಡಿಸಲು ಮಂಜೂರಾತಿ ಬೇಕು. ಅದಕ್ಕೆ 2018ರ ತಿದ್ದುಪಡಿ ಕೊಟ್ಟ ಗಡುವು ಮೂರು ತಿಂಗಳು, ಹೆಚ್ಚೆಂದರೆ ಇನ್ನೊಂದು. ಕಾಯ್ದೆ ತಿಂಗಳು ಎಣಿಸುತ್ತದೆ, ಕಡತ ಮೇಜು ಎಣಿಸುತ್ತದೆ. ವಿಚಾರಣೆಯನ್ನು ಎರಡು ವರ್ಷಗಳಲ್ಲಿ ಮುಗಿಸಲು 'ಪ್ರಯತ್ನಿಸಬೇಕು' ಎಂದೂ ಅದೇ ತಿದ್ದುಪಡಿ ಹೇಳುತ್ತದೆ. ಪ್ರಯತ್ನವೆಂಬ ಶಬ್ದದ ಹೊಟ್ಟೆ ದೊಡ್ಡದು: ವಕೀಲರ ಜ್ವರ, ತನಿಖಾಧಿಕಾರಿಯ ವರ್ಗಾವಣೆ, ಸಮನ್ಸು ಮುಟ್ಟದ ಸಾಕ್ಷಿ, ಎಲ್ಲವೂ ಅದರಲ್ಲಿ ಹಿಡಿಸುತ್ತವೆ. ಸಾಲದ್ದಕ್ಕೆ ಕಡತಗಳ ಅಲೆದಾಟ ಬೇರೆ: 2016ರಲ್ಲಿ ಲೋಕಾಯುಕ್ತ ಪೊಲೀಸರ ಅಧಿಕಾರ ಕಿತ್ತು ಭ್ರಷ್ಟಾಚಾರ ನಿಗ್ರಹ ದಳಕ್ಕೆ, ಅಂದರೆ ಎಸಿಬಿಗೆ, ಕೊಡಲಾಯಿತು. 2022ರಲ್ಲಿ ಹೈಕೋರ್ಟ್ ಎಸಿಬಿಯನ್ನೇ ರದ್ದುಮಾಡಿದಾಗ ಕಡತಗಳು ಗಂಟುಮೂಟೆ ಕಟ್ಟಿಕೊಂಡು ಲೋಕಾಯುಕ್ತಕ್ಕೆ ನಡೆದವು. ಇಷ್ಟರೊಳಗೆ ಖಾತೆಗಾಗಿ ಅಲೆದು ದೂರು ಕೊಟ್ಟವನಿಗೆ ಖಾತೆಯೂ ಆಗಿ, ಗೃಹಪ್ರವೇಶವೂ ಮುಗಿದು, ಕಟಕಟೆಯಲ್ಲಿ 'ನೆನಪಿಲ್ಲ ಸ್ವಾಮಿ' ಎನ್ನುವಷ್ಟು ವೈರಾಗ್ಯ ಬಂದಿರುತ್ತದೆ.

ಪೂರ್ವಪಕ್ಷದವರು ಕೇಳುವರು: ಮಂಜೂರಾತಿ ಪ್ರಾಮಾಣಿಕರ ಗುರಾಣಿಯಲ್ಲವೇ? ಹೌದು. ಆದರೆ ನಿರಪರಾಧಿಗೆ ಬೇಕಾದದ್ದು ಬೇಗನೆ ಬಿಡುಗಡೆ. ವಾಯಿದೆ ಬೇಕಾದದ್ದು ಯಾರಿಗೆ ಎಂಬುದನ್ನು ಅನುಮಾನ ಪ್ರಮಾಣದಿಂದಲೇ ತಿಳಿಯಬಹುದು. ಅನುಮಾನವನ್ನು ನೈಯಾಯಿಕರ ಅರ್ಥದಲ್ಲಿ ತೆಗೆದುಕೊಂಡರೂ ಸರಿ, ನಮ್ಮೂರ ಅರ್ಥದಲ್ಲಾದರೂ ಸರಿ. ಇನ್ನೊಂದು ಆಕ್ಷೇಪ: ದೂರುದಾರ ತಿರುಗಿಬಿದ್ದರೂ ಸಾಂದರ್ಭಿಕ ಸಾಕ್ಷ್ಯದಿಂದ ಲಂಚವನ್ನು ಸಾಬೀತುಪಡಿಸಬಹುದೆಂದು 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿಲ್ಲವೇ? ಹೇಳಿದೆ. ಆದರೆ ಸಂದರ್ಭಕ್ಕೂ ವಯಸ್ಸಾಗುತ್ತದೆ. ಪಂಚರು ನಿವೃತ್ತರಾಗುತ್ತಾರೆ, ಶೀಸೆಯ ಗುಲಾಬಿಯೂ ವರ್ಷಗಳು ಕಳೆದಂತೆ ಮಾಸಿ, ನೀರು ನೀರೇ ಆಗಿಬಿಡಬಹುದು. ಇದನ್ನೆಲ್ಲ ಕಚೇರಿಯ ಕಿಟಕಿಯಾಚೆ ಸಾಲಿನಲ್ಲಿ ನಿಂತವನು ನೋಡುತ್ತಿರುತ್ತಾನೆ. ದೂರಿಗಿಂತ ಲಂಚವೇ ಅಗ್ಗವೆಂದು ಲೆಕ್ಕ ಹಾಕಿ ಜೇಬಿಗೆ ಕೈ ಹಾಕುತ್ತಾನೆ. ಕಾನೂನಿನ ಮೇಲಿನ ಅಸಡ್ಡೆ ಹುಟ್ಟುವ ಗಳಿಗೆ ಅದೇ.

ಫಲಶ್ರುತಿ: ಈ ಮೀಮಾಂಸೆಯನ್ನು ಶ್ರದ್ಧೆಯಿಂದ ಪಠಿಸಿದ ಆರೋಪಿಗೆ ಅಮಾನತು ತೆರವಾಗಿ, ಬಾಕಿ ಸಂಬಳ ಕೈಸೇರಿ, ಬಡ್ತಿ ಪ್ರಾಪ್ತವಾಗುವುದು. ದೂರುದಾರನಿಗೆ ಮುಂದಿನ ವಾಯಿದೆಯ ತಾರೀಖು ದೊರೆಯುವುದು.